ಪ್ರಶ್ನಾವಳಿ ಬರೆಯುವ ಮೊದಲು ಅಂಗಳದಲ್ಲಿ ಕೂತು ಮಾತಾಡಿ

ಕಾರ್ಕಳ ಕಡೆಯ ಒಂದು ಕೊರಗರ ಕಾಲನಿ. ಮಳೆ ಬಿಟ್ಟ ಮಧ್ಯಾಹ್ನ. ಅಂಗಳದಲ್ಲಿ ಹಿರಿಯ ಹೆಂಗಸೊಬ್ಬರು ಕುರ್ವೆ, ಅಂದರೆ ಬುಟ್ಟಿ, ಹೆಣೆಯುತ್ತಿದ್ದರು. ಬೂರನ್ನು (ಕಾಡಿನ ಬಳ್ಳಿ) ಕತ್ತಿಯಿಂದ ಸೀಳಿ, ಹೆಬ್ಬೆರಳಲ್ಲಿ ಒತ್ತಿ ಬಗ್ಗಿಸಿ, ಒಂದು ಎಳೆಯ ಕೆಳಗೆ, ಇನ್ನೊಂದರ ಮೇಲೆ ದಾಟಿಸುತ್ತಿದ್ದರು. ಹೆಬ್ಬೆರಳಿನ ಚರ್ಮ ದಪ್ಪಗಾಗಿ ಬಿರಿದಿತ್ತು. ನನ್ನ ಜೊತೆ ಬಂದಿದ್ದ ಪಿಎಚ್‌ಡಿ ಹುಡುಗಿಯ ಚೀಲದಲ್ಲಿ ಹನ್ನೊಂದು ಪುಟದ ಪ್ರಶ್ನಾವಳಿ ಇತ್ತು. ವಿಷಯ ರಕ್ತಹೀನತೆ. ಅವಳು ಮೊದಲ ಪ್ರಶ್ನೆ ಕೇಳುವ ಮೊದಲೇ ಆ ಹಿರಿಯರು ತಲೆ ಎತ್ತದೆ ಹೇಳಿದರು: "ನೆತ್ತೆರ್ ಕೊನೊಯೆರ್. ರಿಪೋರ್ಟ್ ಬೈದಿಜಿ." ರಕ್ತ ತಗೊಂಡು ಹೋದರು, ರಿಪೋರ್ಟ್ ಬರಲಿಲ್ಲ ಅಂತ.

ಎಷ್ಟು ಸಲ ಅಂತ ಕೇಳಿದೆ. ನಾಲ್ಕು ಬೆರಳು ತೋರಿಸಿದರು. ಯಾರು ಬಂದಿದ್ದರು ಅಂದರೆ, "ಕಾಲೇಜಿನವರು" ಅಂದರು. ಯಾವ ಕಾಲೇಜು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ಡಾಕ್ಟರೂ ಅಲ್ಲ, ಪ್ರೊಫೆಸರೂ ಅಲ್ಲ. ನಮ್ಮ ಕಡೆಯ ಒಂದು ಸಂಸ್ಥೆಯ ಎಥಿಕ್ಸ್ ಕಮಿಟಿಯಲ್ಲಿ ಹೊರಗಿನ ಸದಸ್ಯನಾಗಿ ಕೂರುತ್ತೇನೆ. ಮನುಷ್ಯರ ಮೇಲೆ ನಡೆಯುವ ಸಂಶೋಧನೆ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವ ಸಮಿತಿ ಅದು. ಸಾಮಾನ್ಯ ಜನರ ಕಡೆಯಿಂದ ಒಬ್ಬರು ಅದರಲ್ಲಿ ಇರಲೇಬೇಕು ಅಂತ ನಿಯಮ ಇದೆ. ಆದಿವಾಸಿಗಳ ಬಗ್ಗೆ ಸಂಶೋಧನೆ ಮಾಡುವಾಗ ಸಮುದಾಯದ ಜೊತೆ ಮಾತಾಡಬೇಕು ಅಂತ ಎಲ್ಲ ಅರ್ಜಿಯಲ್ಲೂ ಬರೆದಿರುತ್ತಾರೆ. ಆದರೆ ಮಾತಾಡುವುದು ಅಂದರೆ ಏನು, ಯಾರ ಜೊತೆ, ಯಾವಾಗ? ಈ ಮೂರು ಪ್ರಶ್ನೆಗೆ ಉತ್ತರ ಸಿಗುವುದು ಕಡಿಮೆ. ನನಗೆ ಅರ್ಥವಾದಷ್ಟನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಹಿನ್ನೆಲೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕೊರಗರು, ಮಲೆಕುಡಿಯರು ಮುಖ್ಯವಾದ ಆದಿವಾಸಿ ಸಮುದಾಯಗಳು. ಭಾರತ ಸರ್ಕಾರ 75 ಸಮುದಾಯಗಳನ್ನು 'ವಿಶೇಷ ದುರ್ಬಲ ಬುಡಕಟ್ಟು' ಅಂತ ಗುರುತಿಸಿದೆ. ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇರುವುದು ಎರಡೇ, ಜೇನುಕುರುಬರು ಮತ್ತು ಕೊರಗರು. 2001ರ ಜನಗಣತಿಯಲ್ಲಿ ರಾಜ್ಯದ ಕೊರಗರು 16,071 ಇದ್ದರು. 2011ರಲ್ಲಿ 14,794ಕ್ಕೆ ಇಳಿದರು. ಸಂಖ್ಯೆ ಇಳಿಯುತ್ತಿದೆ ಅಂದ ಕೂಡಲೇ ಸಂಶೋಧಕರು ಬರುತ್ತಾರೆ. ಬರಬೇಕಾದದ್ದೂ ಹೌದು. ಯಾಕೆ ಇಳಿಯುತ್ತಿದೆ ಅಂತ ಗೊತ್ತಾಗಬೇಕಲ್ವಾ? ಆದರೆ ಕೊಣಾಜೆಯಿಂದ ಮಣಿಪಾಲದವರೆಗೆ ನಮ್ಮಲ್ಲಿ ಎಷ್ಟು ಕಾಲೇಜು, ಎಷ್ಟು ವಿಶ್ವವಿದ್ಯಾಲಯ! ಸಮಾಜಕಾರ್ಯ ಓದುವ ಎಂಎಸ್‌ಡಬ್ಲ್ಯು ಮಕ್ಕಳು, ಮೆಡಿಕಲ್ ಮಕ್ಕಳು, ನರ್ಸಿಂಗ್ ಮಕ್ಕಳು, ಜಾನಪದದವರು, ಎಲ್ಲರೂ ಹೋಗುವುದು ರಸ್ತೆಗೆ ಹತ್ತಿರವಾದ ಅದೇ ಕೆಲವು ಕಾಲನಿಗಳಿಗೆ. ಅಲ್ಲಿನವರು ಉತ್ತರ ಹೇಳಿ ಹೇಳಿ ಸುಸ್ತಾಗಿದ್ದಾರೆ. ಒಳಗಿನ ಕಾಲನಿಗಳಿಗೆ ಯಾರೂ ಹೋಗುವುದಿಲ್ಲ.

ಅಪನಂಬಿಕೆಗೆ ಇದಕ್ಕಿಂತ ಹಳೆಯ ಬೇರೂ ಇದೆ. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ಮದ್ರಾಸ್ ಮ್ಯೂಸಿಯಂನ ಅಧಿಕಾರಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದ. ಅದು 1909ರಲ್ಲಿ. ಜನರ ತಲೆ, ಮೂಗು ಅಳೆದು ಪಟ್ಟಿ ಮಾಡುವ ಕಾಲ ಅದು. ಕೊರಗರ ಬಗ್ಗೆಯೂ ಅದರಲ್ಲಿ ಬರೆದಿದ್ದಾನೆ. ಈಗಲೂ ಎಷ್ಟೋ ಪ್ರಬಂಧಗಳ ಮೊದಲ ಅಧ್ಯಾಯ ಅಲ್ಲಿಂದಲೇ ಶುರುವಾಗುತ್ತದೆ. ಆ ಸಮುದಾಯದ ಓದಿದ ಯುವಕರು ಇಂದು ಅದನ್ನು ತೆರೆದು ನೋಡಿದರೆ ಅವರಿಗೆ ಏನನಿಸಬಹುದು ಅಂತ ಬರೆಯುವವರು ಒಮ್ಮೆ ಯೋಚಿಸಬೇಕು.

ಇಂಥದ್ದು ಎಲ್ಲೆಲ್ಲೂ ಆಗಿದೆ. ನಾನು ಕಮಿಟಿ ಮುಂದೆ ಬರುವ ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುವುದು ಅಮೆರಿಕದ ಹವಾಸುಪೈ ಜನರ ಕಥೆ. ಅವರು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಒಳಗೆ ಇರುವ ಸಣ್ಣ ಸಮುದಾಯ. ಅವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ. 1990ರಿಂದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು ಬಂದು ರಕ್ತ ತೆಗೆದುಕೊಂಡರು. ಸಕ್ಕರೆ ಕಾಯಿಲೆಗೆ ಅಂತಲೇ ಜನ ಕೊಟ್ಟರು. ಆದರೆ ಸಹಿ ಹಾಕಿದ ಕಾಗದದಲ್ಲಿ ಮಾತು ಅಗಲವಾಗಿತ್ತು. ಬೇರೆ ಕಾಯಿಲೆಗಳ ಅಧ್ಯಯನಕ್ಕೂ ಅದರಲ್ಲಿ ದಾರಿ ಇತ್ತು. ಮುಂದೆ ಅದೇ ರಕ್ತವನ್ನು ಮಾನಸಿಕ ಕಾಯಿಲೆ, ಒಳಸಂಬಂಧದ ಮದುವೆ, ಇವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಅನ್ನುವ ವಿಷಯಗಳ ಅಧ್ಯಯನಕ್ಕೆ ಬಳಸಿದರು. ತಾವು ಹುಟ್ಟಿದ್ದೇ ಆ ಕಣಿವೆಯಲ್ಲಿ ಅಂತ ನಂಬಿದ ಜನ ಅವರು. 2003ರಲ್ಲಿ ಆ ಸಮುದಾಯದ ಒಬ್ಬ ಮಹಿಳೆ ಯೂನಿವರ್ಸಿಟಿಯಲ್ಲಿ ಒಂದು ಪ್ರಬಂಧ ಮಂಡನೆ ಕೇಳುತ್ತಾ ಕೂತಿದ್ದಾಗ, ಇದು ನಮ್ಮದೇ ರಕ್ತ ಅಂತ ಗೊತ್ತಾಯಿತು. ಎದ್ದು ನಿಂತು ಕೇಳಿದರು, ಇದಕ್ಕೆ ಒಪ್ಪಿಗೆ ಪಡೆದಿದ್ದೀರಾ ಅಂತ. ಕೇಸು ವರ್ಷಗಟ್ಟಲೆ ನಡೆಯಿತು. 2010ರಲ್ಲಿ ರಾಜಿಯಾಯಿತು. ಯೂನಿವರ್ಸಿಟಿ 7 ಲಕ್ಷ ಡಾಲರ್ ಕೊಟ್ಟಿತು. ಉಳಿದಿದ್ದ ರಕ್ತದ ಮಾದರಿಗಳನ್ನೂ ವಾಪಸ್ ಕೊಟ್ಟಿತು. ಜನ ಅದನ್ನು ಊರಿಗೆ ತಂದರು.

ಈ ಕಥೆಯಲ್ಲಿ ಸಹಿ ಇತ್ತು ಅನ್ನುವುದನ್ನು ಮರೆಯಬಾರದು. ಕಾಗದ ಇತ್ತು, ಸಹಿ ಇತ್ತು. ಜನ ಏನಕ್ಕೆ ಹೂಂ ಅಂದಿದ್ದರೋ ಅದಷ್ಟೇ ಆಗಲಿಲ್ಲ.

ನಮ್ಮ ದೇಶದಲ್ಲೂ ಸಹಿಯ ಸಮಸ್ಯೆ ಬೇರೆ ರೂಪದಲ್ಲಿ ಬಂದಿದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆ ಮತ್ತು ಗುಜರಾತಿನ ವಡೋದರಾದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಒಂದು ಅಧ್ಯಯನ ನಡೆಯಿತು. ಹುಡುಗಿಯರಲ್ಲಿ ಆದಿವಾಸಿ ಮಕ್ಕಳು ತುಂಬ ಇದ್ದರು. ಖಮ್ಮಂನಲ್ಲಿ ಎಷ್ಟೋ ಹುಡುಗಿಯರು ಹಾಸ್ಟೆಲಿನಲ್ಲಿದ್ದರು. ಅಪ್ಪ ಅಮ್ಮನ ಬದಲು ವಾರ್ಡನ್, ಹೆಡ್‌ಮಾಸ್ಟರ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. 2010ರಲ್ಲಿ ಅದನ್ನು ನಿಲ್ಲಿಸಿದರು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದರ ಬಗ್ಗೆ ಕಠಿಣವಾದ ವರದಿ ಕೊಟ್ಟಿತು. ಲಸಿಕೆ ಒಳ್ಳೆಯದೇ. ಅದನ್ನು ಕೊಟ್ಟ ರೀತಿಯಿಂದ ಜನರ ಮನಸ್ಸಿನಲ್ಲಿ ಅನುಮಾನ ಉಳಿಯಿತು. ಹಾಸ್ಟೆಲ್ ವಾರ್ಡನ್ ಅಂದರೆ ಅಮ್ಮ ಅಲ್ಲ. ಇಷ್ಟು ಸಣ್ಣ ವಿಷಯ ದೊಡ್ಡವರಿಗೆ ಹೊಳೆಯಲಿಲ್ಲ.

ಈಗ ನಿಯಮ ಏನು ಹೇಳುತ್ತದೆ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊಸ ನೈತಿಕ ಮಾರ್ಗಸೂಚಿ ಹೊರಡಿಸಿತು. ಆರೋಗ್ಯದ ಸಂಶೋಧನೆಗೆಲ್ಲ ಇದೇ ಆಧಾರ. ಎಥಿಕ್ಸ್ ಕಮಿಟಿಯಲ್ಲಿ 7ರಿಂದ 15 ಜನ ಇರಬೇಕು. ಅರ್ಧದಷ್ಟಾದರೂ ಆ ಸಂಸ್ಥೆಗೆ ಸೇರದ ಹೊರಗಿನವರು ಇರಬೇಕು. ಅಧ್ಯಕ್ಷರೂ ಹೊರಗಿನವರೇ ಆಗಿರಬೇಕು. ಕಾನೂನು ತಿಳಿದವರು ಒಬ್ಬರು, ಸಮಾಜ ವಿಜ್ಞಾನದವರು ಒಬ್ಬರು, ನನ್ನಂಥ ಸಾಮಾನ್ಯರು ಒಬ್ಬರು. ಆದಿವಾಸಿಗಳನ್ನು ವಿಶೇಷ ರಕ್ಷಣೆ ಬೇಕಾದವರು ಅಂತ ಈ ಮಾರ್ಗಸೂಚಿ ಗುರುತಿಸುತ್ತದೆ. ಸಂಶೋಧನೆಯಿಂದ ಅವರಿಗೇ ಪ್ರಯೋಜನ ಆಗುವ ಹಾಗಿರಬೇಕು. ಜಿಲ್ಲಾಧಿಕಾರಿ ಅಥವಾ ಬುಡಕಟ್ಟು ಕಲ್ಯಾಣದ ಅಧಿಕಾರಿಯಂಥವರ ಅನುಮತಿ ಬೇಕು. ಸಮುದಾಯದ ಹಿರಿಯರ ಒಪ್ಪಿಗೆ ಬೇಕಾಗಬಹುದು. ಆದರೆ ಹಿರಿಯರು ಹೂಂ ಅಂದ ಮಾತ್ರಕ್ಕೆ ಉಳಿದವರೆಲ್ಲ ಹೂಂ ಅಂದ ಹಾಗಲ್ಲ. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಲೇಬೇಕು. ಓದಲು ಬಾರದವರಿದ್ದರೆ, ಸಂಶೋಧನೆಗೆ ಸಂಬಂಧ ಇಲ್ಲದ, ಓದು ಬಲ್ಲ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು.

ಅಂದರೆ ಎರಡು ಬಾಗಿಲು. ಸಮುದಾಯದ ಬಾಗಿಲು ದಾಟಿದ ಮೇಲೆ ಮನೆಯ ಬಾಗಿಲಿನಲ್ಲೂ ನಿಂತು ಕೇಳಬೇಕು. ಮನೆಯವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಇದು ಆರೋಗ್ಯ ಸಂಶೋಧನೆಯ ಮಾತು. ಜಾನಪದ, ಭಾಷೆ, ಇತಿಹಾಸದ ಸಂಶೋಧನೆಗಳು ಎಷ್ಟೋ ಸಲ ಯಾವ ಕಮಿಟಿ ಮುಂದೆಯೂ ಬರುವುದಿಲ್ಲ. ರಕ್ತ ತೆಗೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಸುಮ್ನೆ ಮಾತಾಡಿಸುತ್ತೇವೆ, ಅದಕ್ಕೇನು ಅಂತ ಹೇಳುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಮಾತೂ ಚುಚ್ಚುತ್ತದೆ.

ಅಜಲು ಪದ್ಧತಿಯನ್ನೇ ತಗೊಳ್ಳಿ. ಕೊರಗರನ್ನು ಕೀಳಾಗಿ ಕಂಡು ಅವರ ಮೇಲೆ ಹೇರಿದ್ದ ಆಚರಣೆಗಳು ಅವು. ಊಟಕ್ಕೆ ಕೂದಲು, ಉಗುರು ಬೆರೆಸಿ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಗದ್ದೆಯಲ್ಲಿ ಓಡಿಸುವುದು, ಕೂಲಿ ಕೊಡದೆ ದುಡಿಸುವುದು. 2000ನೇ ಇಸವಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ನಿಷೇಧಿಸಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು. ಈಗ ಒಬ್ಬ ವಿದ್ಯಾರ್ಥಿ ಹೋಗಿ ಎಪ್ಪತ್ತು ದಾಟಿದ ಅಜ್ಜನ ಮುಂದೆ ರೆಕಾರ್ಡರ್ ಇಟ್ಟು, "ಆಗ ನಿಮಗೆ ಏನು ತಿನ್ನಿಸುತ್ತಿದ್ದರು ಹೇಳಿ" ಅಂತ ಕೇಳಿದರೆ? ಮೊಮ್ಮಕ್ಕಳು ಪಕ್ಕದಲ್ಲಿ ಕೂತಿರುತ್ತಾರೆ. ಅಜ್ಜ ಇಷ್ಟು ವರ್ಷ ಅವರಿಗೆ ಹೇಳದೆ ಉಳಿಸಿದ ಮಾತು ಅದು. ಹೇಳಲೇಬೇಕು, ದಾಖಲಾಗಲೇಬೇಕು ಅನ್ನುವವರು ಸಮುದಾಯದ ಒಳಗೇ ಇದ್ದಾರೆ. ಬೇಡ ಅನ್ನುವವರೂ ಇದ್ದಾರೆ. ಅದನ್ನು ಅವರೇ ತೀರ್ಮಾನ ಮಾಡಬೇಕು. ಎಲ್ಲಿ ಕೂತು, ಯಾರ ಎದುರು, ಯಾರು ಕೇಳಬೇಕು ಅಂತಲೂ ಅವರೇ ಹೇಳಬೇಕು.

ಕೊರಗರು ಬಾರಿಸುವ ಡೋಲಿನ ವಿಷಯವೂ ಹಾಗೆಯೇ. ಹೋದ ಕೂಡಲೇ "ಡೋಲು ಬಾರಿಸಿ, ಫೋಟೋ ತೆಗೀತೇವೆ" ಅನ್ನುತ್ತಾರೆ. ಕೆಲವರಿಗೆ ಡೋಲು ಹೆಮ್ಮೆ. ಕೆಲವರಿಗೆ ಅದು ಅಜಲಿನ ನೆನಪು. ಒಂದೇ ಮನೆಯಲ್ಲಿ ಅಪ್ಪ ಒಂದು ಹೇಳುತ್ತಾರೆ, ಮಗ ಇನ್ನೊಂದು ಹೇಳುತ್ತಾನೆ. ಕೊರಗರಲ್ಲಿ ಹುಟ್ಟಿ ದೈವವಾದ ಕೊರಗಜ್ಜನ ಮೇಲೆ ನಮಗೆಲ್ಲ ಭಕ್ತಿ ಇದೆ. ಮಂಗಳೂರಿನ ಆಟೋ, ಕಾರುಗಳ ಮೇಲೂ ಅಜ್ಜನ ಹೆಸರು ಕಾಣುತ್ತದೆ. ಆದರೆ ಆ ಭಕ್ತಿಯೊಂದನ್ನೇ ಹಿಡಿದು ಕಾಲನಿಗೆ ಹೋದ ಮಕ್ಕಳು ಅಲ್ಲಿನ ನೀರು, ಜಾಗ, ಶಾಲೆಯ ಮಾತು ಬಂದಾಗ ಪೆನ್ನು ಕೆಳಗಿಡುವುದನ್ನು ನೋಡಿದ್ದೇನೆ. ಆಗ ಬೇಸರವಾಗುತ್ತದೆ.

ಹಾಗಾದರೆ 'ಸಮುದಾಯ' ಅಂದರೆ ಯಾರು? ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಸಮುದಾಯದ ಮುಖ್ಯಸ್ಥರಾದ ಗುರಿಕಾರರಾ? ಸಂಘದ ಅಧ್ಯಕ್ಷರಾ? ಗ್ರಾಮ ಪಂಚಾಯತಿ ಸದಸ್ಯರಾ? ಅಂಗನವಾಡಿ ಟೀಚರಾ?

ಕೇರಳದ ಕಾಣಿ ಜನರ ಕಥೆ ಇಲ್ಲಿ ಪಾಠ. 1987ರಲ್ಲಿ ಅಗಸ್ತ್ಯಮಲೆ ಕಾಡಿನಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿಸುತ್ತಿದ್ದ ಕಾಣಿ ಯುವಕರು ಒಂದು ಗಿಡದ ಹಣ್ಣು ತಿಂದು ದಣಿವೇ ಇಲ್ಲದೆ ನಡೆಯುತ್ತಿದ್ದರು. ಆ ಗಿಡ ಆರೋಗ್ಯಪಚ್ಚ. ಪಾಲೋಡಿನ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ಅದರಿಂದ 'ಜೀವನಿ' ಅನ್ನುವ ಔಷಧ ಮಾಡಿತು. ಒಂದು ಆಯುರ್ವೇದ ಕಂಪನಿಗೆ ಅದರ ಹಕ್ಕು ಕೊಟ್ಟು, ಬಂದ ಹಣದಲ್ಲಿ ಅರ್ಧವನ್ನು ಕಾಣಿ ಜನರಿಗೆ ಕೊಡಲು ಒಪ್ಪಿತು. ಅದಕ್ಕಾಗಿ 1997ರಲ್ಲಿ ಟ್ರಸ್ಟ್ ಕೂಡ ಆಯಿತು. ಲಾಭ ಹಂಚಿಕೆಗೆ ಜಗತ್ತಿನಲ್ಲೇ ಮೊದಲ ಮಾದರಿಗಳಲ್ಲಿ ಒಂದು ಅಂತ ಹೆಸರಾಯಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ. ಆದರೆ ಕಾಣಿಗಳಲ್ಲೇ ಕೆಲವರು, ನಮ್ಮನ್ನು ಯಾರೂ ಕೇಳಲಿಲ್ಲ, ಆ ಇಬ್ಬರು ಮೂವರು ಹೇಳಿದ್ದು ಎಲ್ಲರ ತಿಳಿವಳಿಕೆ ಅಂತ ಆಕ್ಷೇಪ ಎತ್ತಿದರು.

ಗಿಡಮೂಲಿಕೆಯ ತಿಳಿವಳಿಕೆ ಒಬ್ಬರ ತಲೆಯಲ್ಲಿ ಇದ್ದರೂ ಒಬ್ಬರದ್ದಲ್ಲ. ಬೆಳ್ತಂಗಡಿ, ಕಾರ್ಕಳ ಕಡೆಯ ಘಟ್ಟದ ಬುಡದಲ್ಲಿರುವ ಮಲೆಕುಡಿಯರಿಂದ ಮದ್ದಿನ ಬೇರಿನ ಹೆಸರು ಬರೆದುಕೊಂಡು ಹೋಗುವವರು ಇದನ್ನು ನೆನಪಿಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಈ ಸಾಂಪ್ರದಾಯಿಕ ತಿಳಿವಳಿಕೆಯ ಮೇಲೆ ಸಮುದಾಯಕ್ಕೆ ಹಕ್ಕು ಇದೆ ಅಂತ ಸ್ಪಷ್ಟವಾಗಿ ಹೇಳುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ. ಸಂವಿಧಾನದ ಐದನೇ ಪರಿಚ್ಛೇದದಡಿ ಬುಡಕಟ್ಟು ಪ್ರದೇಶ ಅಂತ ಗುರುತಿಸಿದ ಜಾಗ ಕರ್ನಾಟಕದಲ್ಲಿ ಇಲ್ಲದ ಕಾರಣ, ಅಂಥ ಕಡೆ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ ಪೆಸಾ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. ಹಾಗಾಗಿ ಇರುವ ಈ ದಾರಿಗಳನ್ನೇ ಗಟ್ಟಿಯಾಗಿ ಹಿಡಿಯಬೇಕು.

ಯಾರನ್ನು ಕೇಳಬೇಕು ಅನ್ನುವುದಕ್ಕೆ ನಾನು ಕಂಡುಕೊಂಡ ರೀತಿ ಇದು. ಮೊದಲು ಸಮುದಾಯದ ಸಂಘ, ಒಕ್ಕೂಟದವರ ಜೊತೆ ಮಾತಾಡಿ. ಅವರಿಗೆ ಇಡೀ ಜಿಲ್ಲೆಯ ಚಿತ್ರ ಗೊತ್ತಿರುತ್ತದೆ. ಯಾವ ಕಾಲನಿಗೆ ಈಗಾಗಲೇ ಜನ ಹೋಗಿ ಹೋಗಿ ಸಾಕಾಗಿದೆ ಅಂತಲೂ ಹೇಳುತ್ತಾರೆ. ಆಮೇಲೆ ಕಾಲನಿಯ ಹಿರಿಯರು. ಆಮೇಲೆ ಹೆಂಗಸರು ಮಾತ್ರ ಇರುವ ಒಂದು ಕೂಟ. ಗಂಡಸರ ಎದುರು ಹೆಂಗಸರು ಆಡದ ಮಾತು ಅಲ್ಲಿ ಬರುತ್ತದೆ. ಆಮೇಲೆ ಓದಿದ ಹುಡುಗರು, ಹುಡುಗಿಯರು. ಕೊರಗ ಸಮುದಾಯದಲ್ಲಿ ಇಂದು ಎಂಎ ಮಾಡಿದವರು, ಸಂಶೋಧನೆ ಮಾಡಿದವರು, ಪಾಠ ಹೇಳುವವರು ಇದ್ದಾರೆ. ಅವರನ್ನು 'ಮಾಹಿತಿದಾರರು' ಅಂತ ಕರೆಯಬೇಡಿ, ತಂಡಕ್ಕೆ ಸೇರಿಸಿಕೊಳ್ಳಿ. ಪ್ರಬಂಧದಲ್ಲಿ ಅವರ ಹೆಸರೂ ಇರಲಿ, ಬಜೆಟ್‌ನಲ್ಲಿ ಅವರ ಸಂಬಳವೂ ಇರಲಿ.

ದಕ್ಷಿಣ ಆಫ್ರಿಕಾದ ಸಾನ್ ಜನರು 2017ರಲ್ಲಿ ತಮ್ಮದೇ ಸಂಶೋಧನಾ ನೀತಿಸಂಹಿತೆ ಬರೆದುಕೊಂಡರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಅಂತ ನಾಲ್ಕು ಮಾತು ಅದರಲ್ಲಿವೆ. ಕಿಟಕಿಯಿಂದ ಬರಬೇಡಿ, ಬಾಗಿಲಿನಿಂದ ಬನ್ನಿ ಅಂತ ಅವರ ಮುಖಂಡರೊಬ್ಬರು ಸಂಶೋಧಕರಿಗೆ ಹೇಳಿದ್ದರು. ನಮ್ಮಲ್ಲೂ ಸಮುದಾಯದವರೇ ಇಂಥದ್ದೊಂದು ಬರೆದುಕೊಳ್ಳಲು ವಿಶ್ವವಿದ್ಯಾಲಯಗಳು ನೆರವಾಗಬಹುದು. ಬರೆಯುವವರು ಅವರು. ಕೂರಲು ಜಾಗ, ಊಟ, ಓಡಾಟದ ಖರ್ಚು ನಮ್ಮದು.

ಇನ್ನು ಭಾಷೆ. ಒಪ್ಪಿಗೆ ಪತ್ರಗಳ ಕನ್ನಡ ಓದಿದರೆ ನನಗೇ ತಲೆ ತಿರುಗುತ್ತದೆ. 'ಸ್ವಯಂಪ್ರೇರಿತ ಭಾಗವಹಿಸುವಿಕೆಯ ಗೌಪ್ಯತೆಯನ್ನು ಕಾಯ್ದುಕೊಳ್ಳಲಾಗುವುದು.' ಯಾರು ಹೀಗೆ ಮಾತಾಡುತ್ತಾರೆ? ನಮ್ಮ ಕಮಿಟಿಯಲ್ಲಿ ಅದನ್ನು ಹೀಗೆ ಬದಲಿಸಿದೆವು: 'ಇಷ್ಟ ಇದ್ದರೆ ಮಾತ್ರ ಹೇಳಿ. ಬೇಡ ಅನಿಸಿದರೆ ನಡುವೆಯೇ ನಿಲ್ಲಿಸಬಹುದು. ಅದಕ್ಕೆ ಯಾರೂ ಬೇಸರ ಮಾಡುವುದಿಲ್ಲ. ನಿಮ್ಮ ರೇಷನ್, ಪೆನ್ಶನ್, ಆಸ್ಪತ್ರೆ ಯಾವುದಕ್ಕೂ ತೊಂದರೆ ಆಗುವುದಿಲ್ಲ.' ಕೊನೆಯ ವಾಕ್ಯ ಬಹಳ ಮುಖ್ಯ. ಸರ್ಕಾರದವರು ಯಾರು, ಕಾಲೇಜಿನವರು ಯಾರು ಅಂತ ಜನರಿಗೆ ಗೊತ್ತಾಗುವುದಿಲ್ಲ. ಇಲ್ಲ ಅಂದರೆ ಸೌಲಭ್ಯ ನಿಲ್ಲುತ್ತದೋ ಅನ್ನುವ ಹೆದರಿಕೆಯಲ್ಲಿ ಹೂಂ ಅಂದುಬಿಡುತ್ತಾರೆ. ಹೆದರಿಕೆಯ ಹೂಂ ಒಪ್ಪಿಗೆ ಅಲ್ಲ.

ಮನೆಯಲ್ಲಿ ತುಳು ಆಡುವವರಿಗೆ ಕನ್ನಡದ ಕಾಗದ ಓದಿ ಹೇಳಿದರೂ ಅರ್ಧ ದಾರಿ ಮಾತ್ರ. ತುಳುವಿನಲ್ಲೇ ಹೇಳಬೇಕು. ಹೇಳಿದ ಮೇಲೆ, "ನಿಮಗೆ ಏನು ಅರ್ಥ ಆಯ್ತು, ನನಗೆ ವಾಪಸ್ ಹೇಳ್ತೀರಾ?" ಅಂತ ಕೇಳಬೇಕು. ಅವರು ವಾಪಸ್ ಹೇಳುವುದನ್ನು ಕೇಳಿದರೆ ನಮ್ಮ ವಿವರಣೆ ಎಷ್ಟು ಹಾಳಾಗಿತ್ತು ಅಂತ ಗೊತ್ತಾಗುತ್ತದೆ. ಕೊರಗರಿಗೆ ತಮ್ಮದೇ ಭಾಷೆಯೂ ಇದೆ. ಅದು ತುಳುವಿನ ಒಂದು ಬಗೆ ಅಲ್ಲ, ಬೇರೆಯೇ ದ್ರಾವಿಡ ಭಾಷೆ. ಡಿ.ಎನ್. ಶಂಕರ ಭಟ್ಟರು ಅದರ ವ್ಯಾಕರಣದ ಬಗ್ಗೆ 1971ರಲ್ಲೇ ಪುಸ್ತಕ ಬರೆದಿದ್ದಾರೆ. ಆ ಭಾಷೆಯನ್ನು ರೆಕಾರ್ಡ್ ಮಾಡಲು ಹೋಗುವವರು, ಆ ಧ್ವನಿ ಎಲ್ಲಿ ಇಡುತ್ತೀರಿ, ಯಾರು ಕೇಳಬಹುದು ಅಂತ ಮೊದಲೇ ಹೇಳಬೇಕು. ಯೂಟ್ಯೂಬಿಗೆ ಹಾಕುವುದಾದರೆ ಅದನ್ನೂ.

ಹೆಸರು ಮುಚ್ಚಿಡುವುದೂ ನಾವು ಅಂದುಕೊಂಡಷ್ಟು ಸುಲಭ ಇಲ್ಲ. ಪ್ರಬಂಧದಲ್ಲಿ 'ಕಾರ್ಕಳ ತಾಲ್ಲೂಕಿನ, 34 ವರ್ಷದ, ನರ್ಸ್ ಆಗಿರುವ ಕೊರಗ ಮಹಿಳೆ' ಅಂತ ಬರೆದು, ಹೆಸರು ಬದಲಿಸಿದೆ ಅಂದರೆ ಆಯಿತಾ? ಇಡೀ ರಾಜ್ಯದಲ್ಲಿ ಹದಿನೈದು ಸಾವಿರ ಜನ ಇಲ್ಲದ ಸಮುದಾಯದಲ್ಲಿ ಅದು ಯಾರು ಅಂತ ಎಲ್ಲರಿಗೂ ಗೊತ್ತು. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಸಿಕ್ಕ ನೂರು ಜನರ ಬಗ್ಗೆ ಬರೆಯುವ ರೀತಿಯಲ್ಲಿ ಇಲ್ಲಿ ಬರೆಯಲು ಆಗುವುದಿಲ್ಲ. ವಯಸ್ಸು, ತಾಲ್ಲೂಕು, ಕೆಲಸ, ಮೂರನ್ನೂ ಒಟ್ಟಿಗೆ ಕೊಡಬಾರದು. ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ, ಕುಡಿತ, ಟಿಬಿ ಇಂಥ ವಿಷಯಗಳಲ್ಲಿ ಇನ್ನೊಂದು ಅಪಾಯ ಇದೆ. ಒಬ್ಬರ ಹೆಸರು ಬರದಿದ್ದರೂ ಇಡೀ ಸಮುದಾಯದ ಹೆಸರು ಬರುತ್ತದೆ. ಮರುದಿನ ಪೇಪರಿನಲ್ಲಿ ಬಂದ ಹೆಡ್‌ಲೈನ್ ಓದಿ ಶಾಲೆಯಲ್ಲಿ ಪಕ್ಕದ ಮಗು ಏನು ಕೇಳುತ್ತದೆ ಅಂತ ಯೋಚಿಸಿ. ಪ್ರಕಟಿಸುವ ಮೊದಲು ಸಮುದಾಯದವರಿಗೆ ತೋರಿಸಿ ಅನ್ನುವುದು ಇದಕ್ಕೆ. ಅಂಕಿಅಂಶ ಬದಲಿಸಿ ಅಂತ ಅವರು ಕೇಳುವುದಿಲ್ಲ. ಈ ಪದ ಬೇಡ, ಈ ಫೋಟೋ ಬೇಡ, ಇದಕ್ಕೆ ಕಾರಣವನ್ನೂ ಜೊತೆಗೆ ಬರೆಯಿರಿ ಅಂತ ಹೇಳುತ್ತಾರೆ. ಅದರಿಂದ ಪ್ರಬಂಧ ಗಟ್ಟಿಯಾಗುತ್ತದೆ.

ಜನ ಸಂಶೋಧನೆಯನ್ನೇ ಬೇಡ ಅನ್ನುತ್ತಾರೆ ಅಂತ ಯಾರೂ ತಿಳಿಯಬಾರದು. ಡಾ. ಮಹಮ್ಮದ್ ಪೀರ್ ವರದಿ ಅಂದರೆ ಈ ಎರಡು ಜಿಲ್ಲೆಗಳ ಕೊರಗರಿಗೆ ಚೆನ್ನಾಗಿ ಗೊತ್ತು. ಪ್ರತಿ ಕುಟುಂಬಕ್ಕೂ ಎರಡೂವರೆ ಎಕರೆ ಭೂಮಿ ಕೊಡಬೇಕು ಅಂತ ಶಿಫಾರಸು ಮಾಡಿದ ವರದಿ ಅದು. ಜಿಲ್ಲಾಧಿಕಾರಿ ಕಚೇರಿ ಎದುರು ಧರಣಿ ಕೂತಾಗೆಲ್ಲ ಅದರ ಹೆಸರು ಕೇಳುತ್ತದೆ. ಎಷ್ಟೋ ಪಿಎಚ್‌ಡಿ ಪ್ರಬಂಧಗಳು ಲೈಬ್ರರಿಯ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಈ ಒಂದು ವರದಿಯನ್ನು ಜನ ಬಾಯಲ್ಲಿ ಉಳಿಸಿಕೊಂಡಿದ್ದಾರೆ. ಅವರು ಕೇಳುತ್ತಿದ್ದ ಪ್ರಶ್ನೆಗೆ ಅದು ಉತ್ತರ ಕೊಟ್ಟಿತ್ತು.

ವಿಶ್ವವಿದ್ಯಾಲಯ ಮಾಡಬೇಕಾದ ದೊಡ್ಡ ಕೆಲಸ ನನ್ನ ಪ್ರಕಾರ ಸಮಯ ಮತ್ತು ಹಣ ಕೊಡುವುದು. ಈಗ ಆಗುತ್ತಿರುವುದು ಏನೆಂದರೆ, ವಿದ್ಯಾರ್ಥಿ ಸಿನಾಪ್ಸಿಸ್ (ಸಂಶೋಧನೆಯ ಯೋಜನೆ) ಬರೆದು, ಗೈಡ್ ಒಪ್ಪಿ, ಪ್ರಶ್ನಾವಳಿ ಪ್ರಿಂಟ್ ಆಗಿ, ಕಮಿಟಿ ಪಾಸ್ ಮಾಡಿದ ಮೇಲೆ ಸಮುದಾಯದ ಹತ್ತಿರ ಹೋಗುವುದು. ಅಷ್ಟರಲ್ಲಿ ಕೇಳಲು ಏನೂ ಉಳಿದಿರುವುದಿಲ್ಲ. ಸಹಿ ಒಂದೇ ಬಾಕಿ. ಸಿನಾಪ್ಸಿಸ್‌ಗೆ ಮೊದಲೇ ಮೂರು ನಾಲ್ಕು ತಿಂಗಳು ಜನರ ಜೊತೆ ಕೂರಲು ಅವಕಾಶ ಬೇಕು. ಆ ತಿಂಗಳುಗಳ ಬಸ್ ಚಾರ್ಜು, ಜೀಪಿನ ಬಾಡಿಗೆ, ಚಹಾ ತಿಂಡಿ, ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಆ ಕೂಲಿಯ ಹಣ, ಎಲ್ಲಕ್ಕೂ ಬಜೆಟ್‌ನಲ್ಲಿ ಒಂದು ಸಾಲು ಬೇಕು. ಕೂಲಿ ನಷ್ಟ ತುಂಬಿಕೊಡುವುದಕ್ಕೆ ನಿಯಮದಲ್ಲಿ ಅಡ್ಡಿ ಇಲ್ಲ. ಆಸೆ ಹುಟ್ಟಿಸಿ ಒಪ್ಪಿಸುವಷ್ಟು ಕೊಡಬಾರದು, ಅಷ್ಟೇ. ಫಲಿತಾಂಶ ತಿಳಿಸಲು ಮತ್ತೆ ಹೋಗುವ ಖರ್ಚೂ ಮೊದಲೇ ತೆಗೆದಿಡಬೇಕು. ಅದು ಇಲ್ಲದೆ ಗ್ರಾಂಟ್ ಮುಗಿದ ದಿನ ಸಂಬಂಧವೂ ಮುಗಿಯುತ್ತದೆ. ಮಂಗಳೂರು, ಮಣಿಪಾಲ, ಉಡುಪಿಯ ಸಂಸ್ಥೆಗಳೆಲ್ಲ ಸೇರಿ ಯಾವ ಕಾಲನಿಯಲ್ಲಿ ಯಾರು ಏನು ಅಧ್ಯಯನ ಮಾಡುತ್ತಿದ್ದಾರೆ ಅಂತ ಒಂದೇ ಪುಸ್ತಕದಲ್ಲಿ ಬರೆದಿಟ್ಟು, ಅದರ ಒಂದು ಪ್ರತಿಯನ್ನು ಸಮುದಾಯದ ಒಕ್ಕೂಟದ ಕೈಯಲ್ಲಿ ಕೊಟ್ಟರೆ ಎಷ್ಟು ಅನುಕೂಲ!

ಕಾರ್ಕಳದ ಆ ಅಂಗಳಕ್ಕೆ ವಾಪಸ್ ಬರುತ್ತೇನೆ. ನಮ್ಮ ಹುಡುಗಿಯ ಪ್ರಶ್ನೆ ಇದ್ದದ್ದು ಹೀಗೆ: ಕೊರಗ ಮಹಿಳೆಯರು ಕಬ್ಬಿಣಾಂಶದ ಮಾತ್ರೆಗಳನ್ನು ಪೂರ್ತಿ ಯಾಕೆ ನುಂಗುವುದಿಲ್ಲ? ಅಂದು ಪ್ರಶ್ನಾವಳಿ ಚೀಲದಿಂದ ಹೊರಗೆ ಬರಲಿಲ್ಲ. ಮುಂದಿನ ವಾರ ಹೆಂಗಸರ ಕೂಟ ಸೇರಿತು. ಹದಿನಾಲ್ಕು ಜನ. ಅವರಲ್ಲಿ ಡಿಗ್ರಿ ಮುಗಿಸಿದ ಒಬ್ಬಳು ಹುಡುಗಿ ಇದ್ದಳು. ಅವಳು ಹೇಳಿದಳು: "ಅಕ್ಕಾ, ಯಾಕೆ ನುಂಗುವುದಿಲ್ಲ ಅಂತ ಕೇಳಿದ್ರೆ ತಪ್ಪು ನಮ್ಮದೇ ಅಂತ ಮೊದಲೇ ಬರೆದ ಹಾಗಾಯ್ತು, ಅಲ್ವಾ?" ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು. ಮಾತ್ರೆ ಕೊಡುವ ದಿನ ಕಾಡಿಗೆ ಬೂರು ತರಲು ಹೋಗಿರುತ್ತೇವೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಬೆಳಿಗ್ಗೆ ತಿನ್ನಲು ಚಹಾ ಬಿಟ್ಟರೆ ಏನೂ ಇರುವುದಿಲ್ಲ. ಆಸ್ಪತ್ರೆಯಲ್ಲಿ ಮುಟ್ಟದೆ ದೂರದಿಂದಲೇ ಮಾತಾಡಿಸಿದರು, ಮತ್ತೆ ಹೋಗಲಿಲ್ಲ.

ಪ್ರಶ್ನೆ ಬದಲಾಯಿತು. ಮಾತ್ರೆ ಮನೆಯವರೆಗೆ ಬರುವ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ ಅನ್ನುವುದೇ ಈಗ ಅಧ್ಯಯನದ ವಿಷಯ. ಕಮಿಟಿ ಮುಂದೆ ಎರಡನೇ ಸಲ ಬರಬೇಕಾಯಿತು. ನಾಲ್ಕು ತಿಂಗಳು ತಡವಾಯಿತು. ಹುಡುಗಿ ಅತ್ತಳು ಕೂಡ, ಫೆಲೋಶಿಪ್‌ನ ಗಡುವು ಹತ್ತಿರ ಬಂದಿತ್ತು. ಹೆಂಗಸರು ಒಂದು ಶರತ್ತು ಹಾಕಿದ್ದರು. ರಕ್ತ ತೆಗೆದರೆ ಅದೇ ದಿನ, ಅಲ್ಲೇ, ಎಷ್ಟು ಇದೆ ಅಂತ ಹೇಳಬೇಕು. ಬೆರಳ ತುದಿಯ ಒಂದು ಹನಿಯಿಂದ ಹಿಮೋಗ್ಲೋಬಿನ್ ತೋರಿಸುವ ಸಣ್ಣ ಮಿಷನ್ ಇರುವುದರಿಂದ ಅದು ಕಷ್ಟ ಆಗಲಿಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆದು ತುಳುವಿನಲ್ಲಿ ಹೇಳಿದರು. ಕಡಿಮೆ ಇದ್ದವರನ್ನು ಯಾವ ಡಾಕ್ಟರ್ ನೋಡಬೇಕು ಅಂತ ಮೊದಲೇ ಮಾತಾಡಿ ಇಟ್ಟಿದ್ದರು.

ಕುರ್ವೆ ಹೆಣೆಯುತ್ತಿದ್ದ ಆ ಹಿರಿಯರು ತಮ್ಮ ಅಂಕಿಯನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆಸಿಕೊಂಡರು. ರೇಷನ್ ಕಾರ್ಡ್ ಇಟ್ಟಿದ್ದ ಪ್ಲಾಸ್ಟಿಕ್ ಕವರಿನೊಳಗೆ ಅದನ್ನು ತುರುಕಿದರು. ಆಮೇಲೆ ಹುಡುಗಿಯ ಹತ್ತಿರ ಕೇಳಿದರು: "ಮಗಾ, ಆಗ ನಾಲ್ಕು ಸಲ ಕೊಟ್ಟ ರಕ್ತ ಈಗ ಎಲ್ಲಿದೆ, ನೋಡಿ ಹೇಳ್ತೀಯಾ?"

ಅವರು ಹೇಳಿದ ವರ್ಷ, ತಿಂಗಳು ಲೆಕ್ಕ ಹಾಕಿ ಎರಡು ಕಡೆಗೆ ಪತ್ರ ಬರೆದಿದ್ದೇವೆ. ಒಂದು ಕಡೆಯಿಂದ ಹುಡುಕುತ್ತಿದ್ದೇವೆ ಅಂತ ಉತ್ತರ ಬಂದಿದೆ. ಇನ್ನೊಂದಕ್ಕೆ ಕಾಯುತ್ತಿದ್ದೇವೆ. ಇಷ್ಟು ತಿಳಿದಿದೆ ಅಂತ ಹೇಳಿ ಬರಲು ಬರುವ ಭಾನುವಾರ ಇಬ್ಬರೂ ಹೋಗುತ್ತಿದ್ದೇವೆ.